ಸಮುದ್ರದಾಚೆ ಅನ್ನುವ ಮಾತು

ಅವರ ಬಲಗಿವಿ ಮುಂದಕ್ಕೆ ಬಾಗಿತ್ತು. ಹುಟ್ಟಿನಿಂದ ಹಾಗಿರಲಿಲ್ಲವಂತೆ, ಕೆಲಸ ಹಾಗೆ ಮಾಡಿತ್ತು. ವೇದಿಕೆಯ ಮೇಲೆ ಭಾಷಣಕಾರರ ಎಡಗಡೆ ನಿಂತು, ಬಲಗೈಯನ್ನು ಕಿವಿಯ ಹಿಂದೆ ಬಟ್ಟಲಿನಂತೆ ಹಿಡಿದು, ಕಣ್ಣು ಮುಚ್ಚಿ ಕೇಳುತ್ತಿದ್ದರು. ಹಾರ್ನ್ ಸ್ಪೀಕರುಗಳ ಸದ್ದು ಸುತ್ತಲಿನ ಗೋಡೆಗಳಿಗೆ ಬಡಿದು ವಾಪಸು ಬರುವ ಗದ್ದಲದಲ್ಲಿ, ಭಾಷಣಕಾರರ ಬಾಯಿಂದ ನೇರವಾಗಿ ಬಂದ ಮಾತನ್ನು ಹಿಡಿಯಲು ಅದೊಂದೇ ದಾರಿ. ವರ್ಷಗಟ್ಟಲೆ ಹೀಗೆ ಹಿಡಿದು ಹಿಡಿದು ಕಿವಿ ಆ ಬಾಗಿನಲ್ಲೇ ನಿಂತುಬಿಟ್ಟಿತ್ತು. ಅವರು ಬೀದಿಯಲ್ಲಿ ಸುಮ್ಮನೆ ನಡೆದು ಹೋಗುವಾಗಲೂ ಪಕ್ಕದಲ್ಲಿ ಯಾರೋ ಏನೋ ಹೇಳುತ್ತಿದ್ದಾರೆ, ಇವರು ಕೇಳಿಸಿಕೊಳ್ಳುತ್ತಿದ್ದಾರೆ ಅನ್ನಿಸುತ್ತಿತ್ತು. ಹತ್ತಿರ ಹೋದರೆ ಪಕ್ಕದಲ್ಲಿ ಯಾರೂ ಇರುತ್ತಿರಲಿಲ್ಲ.

ತಮಿಳುನಾಡಿನ ಗಡಿಯ ಹೊಸೂರಿನಲ್ಲಿ ಎಲ್ಲರೂ ಅವರನ್ನು ಮೈಕಣ್ಣ ಅನ್ನುತ್ತಿದ್ದರು. ಪೇಟೆಯ ಒಂದು ಸೌಂಡ್ ಸರ್ವೀಸ್ ಅಂಗಡಿಯಲ್ಲಿ ಅವರ ಕೆಲಸ. ಜೀಪಿಗೋ ಜಟಕಾಗೋ ಹಾರ್ನ್ ಕಟ್ಟಿಸಿಕೊಂಡು ಊರೂರು ಸುತ್ತಿ ಕೂಗುವುದು. ಟೆಂಟಿಗೆ ಬಂದ ಹೊಸ ಸಿನಿಮಾ, ಸಿಡುಬಿನ ಚುಚ್ಚುಮದ್ದು, ಕಳೆದುಹೋದ ಎಮ್ಮೆ, ಪೇಟೆಯಲ್ಲಿ ಯಾರಾದರೂ ತೀರಿಕೊಂಡರೆ ಹೆಣ ಎತ್ತುವ ಹೊತ್ತು, ಎಲ್ಲವೂ ಅವರ ಗಂಟಲಿನಿಂದಲೇ ಊರಿಗೆ ತಿಳಿಯಬೇಕು. ತಮಿಳು, ತೆಲುಗು, ಕನ್ನಡ ಮೂರರಲ್ಲೂ ಹೇಳುತ್ತಿದ್ದರು. ಇಂಗ್ಲಿಷನ್ನು ಬೆಂಗಳೂರಿನ ದಂಡು ಪ್ರದೇಶದ ಸ್ಟೋರೊಂದರಲ್ಲಿ ಕೆಲಸಕ್ಕಿದ್ದಾಗ ಕಲಿತಿದ್ದರು. ಹೀಗಾಗಿ ಹೊರಗಿನಿಂದ ದೊಡ್ಡ ರಾಜಕಾರಣಿ ಯಾರೇ ಬರಲಿ, ಯಾವ ಪಕ್ಷದವರೇ ಆಗಲಿ, ಪಕ್ಕದಲ್ಲಿ ನಿಂತು ಭಾಷಾಂತರ ಮಾಡಲು ಅವರೇ ಬೇಕಾಗಿತ್ತು.

ನಾನು ಆಗ ಬೆಂಗಳೂರಿನ ಒಂದು ಕನ್ನಡ ದಿನಪತ್ರಿಕೆಗೆ ಹೊಸೂರಿನ ಬಾತ್ಮೀದಾರ. ಸುದ್ದಿ ಬರೆದು ಲಕೋಟೆಗೆ ಹಾಕಿ ಮಧ್ಯಾಹ್ನದ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೆ. ಸಭೆಗಳಲ್ಲಿ ನನ್ನ ಜಾಗ ವೇದಿಕೆಯ ಬುಡದಲ್ಲಿ, ಅವರ ಕಾಲ ಬಳಿ. ಭಾಷಣಕ್ಕಿಂತ ಅವರನ್ನೇ ಹೆಚ್ಚು ಕೇಳಿದ್ದೇನೆ ಅಂದರೆ ತಪ್ಪಲ್ಲ. ಭಾಷಣಕಾರರು ಒಂದು ನಗೆಮಾತು ಹೇಳಿದರೆ ಮೊದಲು ತಮಿಳಿನವರು ನಗುತ್ತಿದ್ದರು, ಆಮೇಲೆ ತೆಲುಗಿನವರು, ಕೊನೆಗೆ ಕನ್ನಡದವರು. ಮೂರೂ ಬಲ್ಲವರು ಮೊದಲೇ ನಕ್ಕು ಮುಗಿಸಿ ಬೀಡಿ ಹಚ್ಚುತ್ತಿದ್ದರು. ಹೊರಗಿನಿಂದ ಬಂದವರಿಗೆ ಒಂದು ಮಾತಿಗೆ ಮೂರು ಸಲ ನಗು ಬರುವುದು ಕಂಡು ತಮ್ಮ ಹಾಸ್ಯದ ಮೇಲೆ ನಂಬಿಕೆ ಜಾಸ್ತಿಯಾಗುತ್ತಿತ್ತು.

ಅರ್ಥವಾಗದ ಪದವನ್ನು ಹಾಗೇ ಬಿಟ್ಟು ಮುಂದೆ ಹೋಗುವುದು ಅವರಿಗೆ ಆಗುತ್ತಿರಲಿಲ್ಲ. "ಕೇಳ್ದೋನು ತಲೆ ಆಡಿಸ್ಬೇಕು ಪೇಪರಪ್ಪ. ಇಲ್ದಿದ್ರೆ ನಾನು ಹೇಳೇ ಇಲ್ಲ," ಅನ್ನುತ್ತಿದ್ದರು. ನನ್ನನ್ನು ಅವರು ಕರೆಯುತ್ತಿದ್ದದ್ದೇ ಹಾಗೆ, ಪೇಪರಪ್ಪ ಅಂತ. ಒಂದು ಸಭೆಯಲ್ಲಿ ಹಣದುಬ್ಬರ ಅನ್ನುವ ಮಾತು ಬಂತು. ಇವರು ಒಂದು ಗಳಿಗೆ ಯೋಚಿಸಿ, "ಕಾಸಿಗೆ ಬಾವು ಬಂದೈತೆ ಕಣ್ರಪ್ಪ. ದಪ್ಪ ಕಾಣ್ತದೆ, ತ್ರಾಣ ಇಲ್ಲ," ಅಂದರು. ಮುಂದಿನ ಸಾಲಿನ ಮುದುಕರು ತಲೆ ಆಡಿಸಿದರು. ಅದನ್ನು ನಾನು ಪತ್ರಿಕೆಯಲ್ಲಿ ಬರೆಯಲಿಲ್ಲ. ಭಾಷಣಕಾರರು ಹೇಳಿದ ಮಾತು ಅದಲ್ಲವಲ್ಲ.

ಅವರು ಮದುವೆಯಾಗಿರಲಿಲ್ಲ. ಒಂದು ವಠಾರದ ಕೊನೆಯ ಕೋಣೆಯಲ್ಲಿದ್ದರು. "ಊರಿಗೆಲ್ಲಾ ಕೂಗ್ತಾರೆ, ಮನೇಲಿ ಉಸಿರಾಡೋದೂ ಕೇಳಿಸಲ್ಲ," ಅಂತ ವಠಾರದ ಯಜಮಾನಿ ಹೇಳುತ್ತಿದ್ದರು. ಅವರ ಪಕ್ಕದ ಕೋಣೆ ಸೀಮೆಎಣ್ಣೆ ಮಾರುವ ಸಾಬರದ್ದು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು, ವಯಸ್ಸಿನಲ್ಲಿ ಮೈಕಣ್ಣನಿಗಿಂತ ಸ್ವಲ್ಪ ದೊಡ್ಡವರು. ಒಂಟೆತ್ತಿನ ಗಾಡಿಯ ಮೇಲೆ ಪೀಪಾಯಿ ಇಟ್ಟುಕೊಂಡು ಬಾಗಲೂರಿನ ಕಡೆಯ ಹಳ್ಳಿಗಳಿಗೆ ಹೋಗಿ ಎಣ್ಣೆ ಹುಯ್ದು ಬರುತ್ತಿದ್ದರು. ಊರ ಬಾಗಿಲಿಗೆ ಬರುವ ಮೊದಲೇ "ಸೀಮೇ... ಎಣ್ಣೇ..." ಅನ್ನುವ ಅವರ ಕೂಗು ಕೇಳಿಸುತ್ತಿತ್ತು. ಆ ಹಳ್ಳಿಗಳಲ್ಲಿ ಮುಸಲ್ಮಾನರ ಮನೆಗಳಿರಲಿಲ್ಲ. ಅಲ್ಲಿಯವರಿಗೆ ಸಾಬ್ರು ಅಂದರೆ ಜಾತಿ ಅಲ್ಲ, ಮತ ಅಲ್ಲ. ಎಣ್ಣೆ ಗಾಡಿಯ ಈ ಒಬ್ಬ ಮನುಷ್ಯ. "ಸಾಬ್ರು ಬಂದ್ರು, ಡಬ್ಬ ತತ್ತಾ" ಅಂದರೆ ಮಕ್ಕಳಿಗೂ ಗೊತ್ತಾಗುತ್ತಿತ್ತು.

ಸಂಜೆ ಇಬ್ಬರೂ ವಠಾರದ ಜಗಲಿಯಲ್ಲಿ ಕೂರುತ್ತಿದ್ದರು. ಸಾಬರು ಸೊಂಟದ ಚೀಲದಿಂದ ಜೇಷ್ಠಮಧುವಿನ ಕಡ್ಡಿ ತೆಗೆದು ಕೊಡುವರು. "ಗಂಟ್ಲು ನೋಡ್ಕಳಿ ಅಣ್ಣ," ಅನ್ನುವರು. ಮೈಕಣ್ಣ ಕಡ್ಡಿ ಬಾಯಿಗಿಟ್ಟುಕೊಂಡು ಸುಮ್ಮನೆ ಕೂರುವರು. ಬಹಳ ಹೊತ್ತು ಮಾತೇ ಇರುತ್ತಿರಲಿಲ್ಲ. ದಿನವೆಲ್ಲ ಕೂಗಿ ಬಂದ ಇಬ್ಬರು ಗಂಡಸರು ಅಲ್ಲಿ ಬಾಯಿಗೆ ಬಿಡುವು ಕೊಡುತ್ತಿದ್ದರು. ಮೈಕಣ್ಣನ ಕೈ ಕಿವಿಯ ಹಿಂದೆ ಹೋಗದೇ ಇದ್ದದ್ದನ್ನು ನಾನು ಕಂಡದ್ದು ಆ ಜಗಲಿಯಲ್ಲಿ ಮಾತ್ರ.

ಎಪ್ಪತ್ತರ ದಶಕದ ಮೊದಲರ್ಧದಲ್ಲಿ ಎಣ್ಣೆಯ ಬೆಲೆ ಏರಿತು. ಪೆಟ್ರೋಲಿನ ಬೆಲೆ ಏರಿದಾಗ ನಮ್ಮ ಕಡೆಯವರು ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ, ಪೆಟ್ರೋಲ್ ಹಾಕಿಸುವವರು ಬೆರಳೆಣಿಕೆಯಷ್ಟು ಜನ. ಸೀಮೆಎಣ್ಣೆಯೂ ಏರಿದಾಗ ಪ್ರತಿ ಮನೆಯ ದೀಪಕ್ಕೂ ಬಿಸಿ ತಟ್ಟಿತು. ಹೆಂಗಸರು ಖಾಲಿ ಡಬ್ಬ ಹಿಡಿದು ಆಳುವ ಪಕ್ಷದ ತಾಲ್ಲೂಕು ಮುಖಂಡರ ಮನೆಯ ಮುಂದೆ ಬಂದು ನಿಲ್ಲತೊಡಗಿದರು. ಮುಖಂಡರು ಹಿಂದಿನ ಬಾಗಿಲಿನಿಂದ ಓಡಾಡುವಂತಾಯಿತು. ಆಗಲೇ ದೆಹಲಿಯಿಂದ ಒಬ್ಬ ದೊಡ್ಡವರು ಬಂದು ಜನರಿಗೆ ಪರಿಸ್ಥಿತಿಯನ್ನು ವಿವರಿಸುತ್ತಾರೆ ಅನ್ನುವ ಸುದ್ದಿ ಬಂದದ್ದು.

ಸಭೆಗೆ ಹಳ್ಳಿಗಳಿಂದ ಲಾರಿಗಳಲ್ಲಿ ಜನರನ್ನು ಕರೆತಂದಿದ್ದರು. ಬಾಗಲೂರು ಕಡೆಯವರು ಮುಂದೆಯೇ ಕುಳಿತಿದ್ದರು. ದೆಹಲಿಯವರು ಇಂಗ್ಲಿಷಿನಲ್ಲಿ ಮಾತಾಡಿದರು. ಬೆಲೆ ಏರಿದ್ದಕ್ಕೆ ಸರ್ಕಾರ ಕಾರಣವಲ್ಲ. ಅರಬ್ ರಾಷ್ಟ್ರಗಳು ಕಚ್ಚಾ ಎಣ್ಣೆಯ ಬೆಲೆಯನ್ನು ಏರಿಸಿವೆ. ಇಂಥ ಹೊತ್ತಿನಲ್ಲಿ ರಾಷ್ಟ್ರದ ಇಂಧನ ನೀತಿಯನ್ನು ಬೆಂಬಲಿಸುವುದು, ಮಿತವಾಗಿ ಬಳಸುವುದು ಪ್ರತಿಯೊಬ್ಬರ ಕರ್ತವ್ಯ. ಸಾರಾಂಶ ಇಷ್ಟು. ನನ್ನ ವರದಿಯಲ್ಲೂ ಇಷ್ಟೇ ಬಂತು.

ತಮಿಳು ಆಯಿತು, ತೆಲುಗು ಆಯಿತು. ಕನ್ನಡದಲ್ಲಿ "ಅರಬ್ ರಾಷ್ಟ್ರದೋರು ರೇಟ್ ಏರಿಸವ್ರೆ" ಅಂದಾಗ ಮುಂದೆ ಕುಳಿತಿದ್ದ ಒಬ್ಬ ಮುದುಕರು ಕೂತಲ್ಲಿಂದಲೇ ಕೇಳಿದರು.

"ಅರಬ್ಬಂದ್ರೆ ಯಾರಣ್ಣ? ರಾಯಕೋಟೆ ಕಡೆಯೋರಾ?"

ಸುತ್ತಲಿದ್ದವರು ನಕ್ಕರು. ಆದರೆ ನಕ್ಕವರಿಗೂ ಅದು ಗೊತ್ತಿರಲಿಲ್ಲ. ಮೈಕಣ್ಣ ಪ್ರಶ್ನೆಯನ್ನು ದಾಟಿ ಹೋಗುವವರಲ್ಲ. ಒಂದು ಗಳಿಗೆ ಕಣ್ಣು ಮುಚ್ಚಿದರು.

"ಅಲ್ಲ ಕಣಣ್ಣೋ. ಸಮುದ್ರದಾಚೆ ಇರೋ ಸಾಬ್ರು. ಎಣ್ಣೆ ಎಲ್ಲಾ ಅವ್ರ ನೆಲದಾಗೈತೆ. ಅವ್ರು ರೇಟ್ ಏರಿಸ್ಬುಟ್ಟವ್ರೆ. ದಿಲ್ಲಿಯೋರು ಏನ್ ಮಾಡ್ಯಾರು?"

ಮುದುಕರು ತಲೆ ಆಡಿಸಿದರು. ಅವರ ಹಿಂದಿನ ಸಾಲೂ ಆಡಿಸಿತು. ವೇದಿಕೆಯ ಮೇಲೆ ಕುಳಿತಿದ್ದ ಮುಖಂಡರ ಮುಖದಲ್ಲಿ ಬಹಳ ದಿನಗಳ ನಂತರ ಬಿಗಿ ಸಡಿಲವಾದದ್ದನ್ನು ನಾನು ನೋಡಿದೆ.

ಮಾರನೆಯ ದಿನ ಸೌಂಡ್ ಸರ್ವೀಸ್ ಅಂಗಡಿಗೆ ಮುಖಂಡರ ಜೀಪು ಬಂತು. ನಿನ್ನೆ ಹೇಳಿದ್ದನ್ನೇ ಹಳ್ಳಿಹಳ್ಳಿಯಲ್ಲೂ ಕೂಗಬೇಕು. ನಾನು ಅಲ್ಲೇ ಇದ್ದೆ. ಮೈಕಣ್ಣ ಪರೀಕ್ಷೆಗೆಂದು ಒಂದು ಸಲ ಹೇಳಿ ತೋರಿಸಿದರು. ಮುಖಂಡರು ಕೈ ಅಡ್ಡ ಮಾಡಿದರು.

"ಉದ್ದ ಆಯ್ತು ಮೈಕಣ್ಣ. ಜೀಪ್ ಓಡ್ತಿರ್ತದೆ. ಆ ಸಮುದ್ರ ಗಿಮುದ್ರ ತೆಗೀರಿ. ಸರ್ಕಾರ ಏರಿಸಿಲ್ಲ, ಸಾಬ್ರು ಏರಿಸವ್ರೆ. ಅಷ್ಟು ಸಾಕು."

"ಸಮುದ್ರದಾಚೆ ಅನ್ನೋದು ಒಂದೇ ಮಾತು. ಇರ್ಲಿ ಬುಡಿ."

"ಗಾಡಿ ಮುಂದಕ್ಕೋದ್ರೆ ಅದು ಕೇಳ್ಸಲ್ಲ. ಕೇಳ್ಸದೇ ಇರೋದನ್ನ ಹೇಳಿ ಏನ್ ಪ್ರಯೋಜನ?"

ಕೇಳಿದವನು ತಲೆ ಆಡಿಸಬೇಕು ಅನ್ನುವ ಮೈಕಣ್ಣನ ಮಾತೇ ಅವರಿಗೆ ತಿರುಗಿ ಬಂದಿತ್ತು. ಮೈಕಣ್ಣ ಒಪ್ಪಿಕೊಂಡರು. ಆ ಹೊತ್ತಿನಲ್ಲಿ ಅದು ತಪ್ಪು ಅಂತ ಅಲ್ಲಿದ್ದ ಯಾರಿಗೂ ಹೊಳೆಯಲಿಲ್ಲ. ನಮ್ಮ ಪತ್ರಿಕೆಯ ಡೆಸ್ಕಿನಲ್ಲೂ ಜಾಗ ಸಾಲದಿದ್ದರೆ ಇಂಥದ್ದೇ ಪದಕ್ಕೆ ಮೊದಲು ಕತ್ತರಿ ಬೀಳುತ್ತಿತ್ತು.

ಕೆಲವು ದಿನ ಆ ಜೀಪು ಬಾಗಲೂರಿನ ಸುತ್ತ ಓಡಾಡಿತು.

ಆಮೇಲೆ ಆ ಕಡೆ ಒಂದು ಕೆರೆಯ ಏರಿ ಬಿರುಕು ಬಿಟ್ಟ ಸುದ್ದಿಗೆಂದು ನಾನು ಹೋಗಿದ್ದೆ. ಬಸ್ಸಿಗೆ ಕಾಯುತ್ತಾ ಒಂದು ಹಳ್ಳಿಯ ಅರಳೀಕಟ್ಟೆಯ ಮೇಲೆ ಕುಳಿತಿದ್ದಾಗ "ಸೀಮೇ... ಎಣ್ಣೇ..." ಅನ್ನುವ ಕೂಗು ಕೇಳಿತು. ಸಾಬರ ಗಾಡಿ ಬಂದು ನಿಂತಿತು. ಹೆಂಗಸರು ಡಬ್ಬಗಳೊಂದಿಗೆ ಬಂದರು, ಆದರೆ ಯಾರೂ ಡಬ್ಬ ಮುಂದೆ ಚಾಚಲಿಲ್ಲ.

"ಏನ್ ಸಾಬ್ರೆ, ನೀವೇ ಏರಿಸ್ಬುಟ್ರಂತೆ?" ಅಂದಳು ಒಬ್ಬಾಕೆ. ದನಿಯಲ್ಲಿ ನಗುವೂ ಇತ್ತು.

"ಏನವ್ವ ನಾನ್ ಏರಿಸಿದ್ದು?"

"ರೇಟು. ಮೈಕ್ನಾಗೆ ಕೂಗ್ಕಂಡ್ ಹೋದ್ರು. ಸರ್ಕಾರ್ದೋರು ಏರಿಸಿಲ್ವಂತೆ. ಸಾಬ್ರು ಏರಿಸವ್ರಂತೆ."

ಸಾಬರು ನಕ್ಕರು. "ಅದು ಬ್ಯಾರೆ ಸಾಬ್ರವ್ವ. ದೂರದೋರು."

"ಬ್ಯಾರೆ ಸಾಬ್ರು ಯಾರವ್ರೆ? ನಮಗೆ ಎಣ್ಣೆ ಹುಯ್ಯೋರು ನೀವೊಬ್ರೇ ತಾನೆ?"

ಒಬ್ಬ ಮುದುಕಿ ಮುಂದೆ ಬಂದಳು. "ನನ್ನ ಮಗಳ ಮದುವೆಗೆ ನೀವೇ ಎಣ್ಣೆ ಕೊಟ್ರಿ ಅಂತ ಸುಮ್ಕಿದ್ದೀನಿ. ಸರ್ಕಾರ್ದೋರು ಏರಿಸಿಲ್ದಿದ್ಮೇಲೆ ನೀವ್ಯಾಕೆ ಏರಿಸ್ಬೇಕು? ಹಳೇ ರೇಟಿಗೆ ಹುಯ್ರಿ. ಇಲ್ದಿದ್ರೆ ಗಾಡಿ ತಿರುಗಿಸ್ಕಳಿ."

ಅಲ್ಲಿ ಯಾರಿಗೂ ಅವರ ಮೇಲೆ ದ್ವೇಷ ಇರಲಿಲ್ಲ. ಪರಿಚಯದ ಮನುಷ್ಯ ಮೋಸ ಮಾಡಿದಾಗ ಆಗುವ ಬೇಜಾರು ಇತ್ತು. ನಾನು ಎದ್ದು ಹೋಗಿ ಅರಬ್ ದೇಶಗಳ ವಿಷಯ ಹೇಳಿದೆ. "ನೀವೂ ಪ್ಯಾಟೆಯೋರೇ ತಾನೆ, ಅವ್ರ ಕಡೆಗೇ ಮಾತಾಡ್ತೀರಿ," ಅಂದರು. ಹೊಸ ಬೆಲೆಗೆ ಕೊಂಡ ಎಣ್ಣೆಯನ್ನು ಹಳೆಯ ಬೆಲೆಗೆ ಹುಯ್ಯುವುದು ಸಾಬರಿಗೆ ಹೇಗೆ ಸಾಧ್ಯ? ಎತ್ತನ್ನು ಹಿಡಿದು ಗಾಡಿ ತಿರುಗಿಸಿಕೊಂಡರು. ಅಲ್ಲಿಂದ ಮುಂದಿನ ಊರಲ್ಲಿ ಯಾರೋ ಪಡ್ಡೆಗಳು ಚಕ್ರದ ಕೀಲು ಕಿತ್ತಿದ್ದರಂತೆ. ಊರ ಹೊರಗೆ ಗಾಡಿ ಒರಗಿ ಅರ್ಧ ಪೀಪಾಯಿ ಎಣ್ಣೆ ಮಣ್ಣಿಗೆ ಹೋಗಿತ್ತು. ಅದನ್ನು ನನಗೆ ಹೇಳಿದ್ದು ಮರುದಿನ ಬಸ್ಸಿನಲ್ಲಿ ಸಿಕ್ಕ ಆ ಊರಿನವರು, ಸಾಬರಲ್ಲ.

ಸಾಬರು ಮೈಕಣ್ಣನಿಗೂ ಹೇಳಿರಲಿಲ್ಲ. ಸಂಜೆ ಎಂದಿನಂತೆ ಜಗಲಿಗೆ ಬಂದು ಜೇಷ್ಠಮಧು ಕೊಟ್ಟಿದ್ದರಂತೆ, ಎಂದಿನಂತೆ ಸುಮ್ಮನೆ ಕುಳಿತಿದ್ದರಂತೆ. ನಾನು ಅಂಗಡಿಗೆ ಹೋಗಿ ಕಂಡದ್ದನ್ನು ಕಂಡಂತೆ, ಆ ಹೆಂಗಸರ ಮಾತಿನಲ್ಲೇ ಮೈಕಣ್ಣನಿಗೆ ಹೇಳಿದೆ. ಅವರು ಬಲಗೈಯನ್ನು ಕಿವಿಯ ಹಿಂದೆ ಇಟ್ಟುಕೊಂಡರು.

"ಇನ್ನೊಂದ್ಸಲ ಹೇಳಿ," ಅಂದರು.

ಯಾವ ಭಾಷಣಕಾರರನ್ನೂ ಅವರು ಹಾಗೆ ಕೇಳಿದ್ದನ್ನು ನಾನು ಕಂಡಿರಲಿಲ್ಲ. ಇನ್ನೊಂದು ಸಲ ಹೇಳಿದೆ. ಕೈ ಕೆಳಗಿಳಿಸಿ, "ಸಮುದ್ರ ತೆಗೆದ್ಬುಟ್ನಲ್ಲ," ಅಂದರು.

ಅವರು ಮೊದಲು ಹೋದದ್ದು ಮುಖಂಡರ ಮನೆಗೆ. ಜೊತೆಗೆ ಬನ್ನಿ ಅಂದದ್ದಕ್ಕೆ ನಾನೂ ಹೋದೆ. ಒಂದು ದಿನದ ಮಟ್ಟಿಗೆ ಜೀಪು ಕೊಡಿ, ಅದೇ ಊರುಗಳಿಗೆ ಹೋಗಿ ಸರಿಯಾಗಿ ಹೇಳಿ ಬರುತ್ತೇನೆ ಅಂದರು. ಮುಖಂಡರು ಕಾಫಿ ತರಿಸಿದರು.

"ಮೈಕಣ್ಣ, ನನ್ನ ಮನೆ ಮುಂದೆ ಈಗ ಯಾರೂ ಡಬ್ಬ ಹಿಡ್ಕೊಂಡು ನಿಲ್ತಾ ಇಲ್ಲ. ತಣ್ಣಗಾಗಿರೋದನ್ನ ಯಾಕೆ ಕೆದಕ್ತೀರಿ?"

"ಇಲ್ಲಿ ನಿಲ್ತಾ ಇಲ್ಲ, ಸಾಬ್ರ ಗಾಡಿ ಮುಂದೆ ನಿಂತವ್ರೆ."

"ಅದಕ್ಕೆ ನಾನೇನ್ ಮಾಡ್ಲಿ? ನಾನ್ ಸಾಬ್ರ ಹೆಸರು ಹೇಳಿದ್ನಾ? ದಿಲ್ಲಿಯೋರು ಹೇಳಿದ್ರಾ? ಅವ್ರು ಅರಬ್ ಅಂದ್ರು. ಸಾಬ್ರು ಅಂದೋರು ನೀವು."

ಅದು ನಿಜವಾಗಿತ್ತು. ಮೈಕಣ್ಣ ಕಾಫಿಯನ್ನು ಮುಟ್ಟದೆ ಎದ್ದು ಬಂದರು.

ದಾರಿಯಲ್ಲಿ ನನ್ನನ್ನು ಕೇಳಿದರು. "ನಿಮ್ಮ ಪೇಪರ್ನಾಗೆ ಒಂದು ತಿದ್ದುಪಡಿ ಹಾಕಕ್ಕಾಗ್ತದಾ?"

ನಾವು ಅರಬ್ ರಾಷ್ಟ್ರಗಳು ಅಂತಲೇ ಹಾಕಿದ್ದೆವು; ತಪ್ಪಾಗಿ ಅಚ್ಚಾದದ್ದಕ್ಕೆ ತಿದ್ದುಪಡಿ ಇರುತ್ತದೆ, ಅಚ್ಚೇ ಆಗದ ಮಾತಿಗೆ ಇರುವುದಿಲ್ಲ ಅಂತ ಇದ್ದದ್ದನ್ನು ಹೇಳಿದೆ.

"ನಿಮ್ಮ ಪೇಪರ್ ಆ ಊರುಗಳಿಗೆ ಹೋಗ್ತದಾ?"

"ಇಲ್ಲ."

"ಹಂಗಾದ್ರೆ ಬುಡಿ," ಅಂದರು.

ಅಂಗಡಿಯಲ್ಲಿ ಒಂದು ಹಳೆಯ ತಗಡಿನ ಕೊಳವೆ ಇತ್ತು, ಬಾಯಿಗಿಟ್ಟು ಕೂಗುವಂಥದ್ದು. ಕರೆಂಟಿನ ಮೈಕು ಬರುವ ಮೊದಲಿನ ಕಾಲದ್ದು. ಅದನ್ನು ಒರೆಸಿಕೊಂಡು ಮೈಕಣ್ಣ ಸಾಬರ ಗಾಡಿಯ ಜೊತೆ ನಡೆದು ಹೊರಟರು. ಸಾಬರು ಬೇಡ ಅಂದರಂತೆ, ಇವರು ಕೇಳಲಿಲ್ಲ. ಒಂದು ಬೆಳಿಗ್ಗೆ ನಾನೂ ಅವರ ಜೊತೆ ಹೋದೆ. ಊರ ಬಾಗಿಲಲ್ಲಿ ಸಾಬರು ತಮ್ಮ ಕೂಗು ಕೂಗಿದರು. ಅದು ಮುಗಿದ ಮೇಲೆ ಮೈಕಣ್ಣ ಕೊಳವೆ ಎತ್ತಿದರು.

"ಅವ್ವಂದಿರೇ, ಅಣ್ಣಂದಿರೇ, ರೇಟ್ ಏರಿಸಿದ್ದು ಈ ಸಾಬ್ರಲ್ಲ. ಏರಿಸಿರೋರು ಸಮುದ್ರದಾಚೆ ಅವ್ರೆ. ಈ ಸಾಬ್ರಲ್ಲ."

ಕಟ್ಟೆಯ ಮೇಲಿದ್ದ ಒಬ್ಬ ಪ್ರಾಯದವನು ಕೇಳಿದ. "ಮೈಕಣ್ಣೋ, ಇದನ್ನ ಕೂಗಕ್ಕೆ ಸಾಬ್ರು ನಿಮ್ಮನೆಗೆ ಎಷ್ಟು ಎಣ್ಣೆ ಹುಯ್ದವ್ರೆ?"

ಎಲ್ಲರೂ ನಕ್ಕರು. ನಗದೇ ಇದ್ದದ್ದು ಒಬ್ಬ ಹಿರಿಯರು ಮಾತ್ರ. ಅವರು ಹತ್ತಿರ ಬಂದು ಮರ್ಯಾದೆಯಿಂದಲೇ ಹೇಳಿದರು. "ಅವತ್ತು ಜೀಪ್ನಾಗೆ ಬಂದು ಸಾಬ್ರು ಅಂದ್ರಿ. ಇವತ್ತು ನಡ್ಕಂಡ್ ಬಂದು ಸಾಬ್ರಲ್ಲ ಅಂತೀರಿ. ಜೀಪ್ನಾಗೆ ಬಂದಿದ್ದು ಸರ್ಕಾರದ ಮಾತು ಕಣಪ್ಪ. ಇದು ನಿಮ್ಮ ಮಾತು."

ಮೈಕಣ್ಣನ ಗಂಟಲು ಅದೇ, ಊರು ಅದೇ, ಕೇಳುವವರೂ ಅವರೇ. ಅವತ್ತು ನಂಬಿದ್ದವರು ಇವತ್ತು ನಂಬಲಿಲ್ಲ.

ವಾಪಸು ಬರುವಾಗ ಗಾಡಿಯ ಪೀಪಾಯಿ ತುಂಬಿಯೇ ಇತ್ತು. ಹುಣಸೆ ಮರಗಳ ನೆರಳಿನಲ್ಲಿ ಸಾಬರು ಎತ್ತನ್ನು ನಿಲ್ಲಿಸಿದರು.

"ಸಾಕಣ್ಣ. ನಾಳೆಯಿಂದ ಬರ್ಬೇಡಿ."

"ಇನ್ನು ನಾಕು ಊರು ಆದ್ರೆ ಸರಿಹೋಗ್ತದೆ ಸಾಬ್ರೆ."

"ಹೋಗಲ್ಲ. ನೀವು ಈ ಸಾಬ್ರಲ್ಲ, ಈ ಸಾಬ್ರಲ್ಲ ಅಂತ ಕೂಗ್ದಾಗೆಲ್ಲ ಜನ ನನ್ನ ಮುಖ ನೋಡ್ತಾರೆ. ಹಿಂದೆ ಎಣ್ಣೆ ಅಳೆಯೋ ಕೈ ನೋಡ್ತಿದ್ರು." ಎತ್ತಿನ ಬೆನ್ನು ಸವರುತ್ತಾ, "ಇಷ್ಟು ದಿನ ಸಾಬ್ರು ಅನ್ನೋದು ನನ್ನ ಹೆಸರಾಗಿತ್ತು ಅಣ್ಣ. ಈಗ ಅದು ನನ್ನ ಹೆಸರಲ್ಲ," ಅಂದರು.

ಸಿಟ್ಟಿನಿಂದ ಹೇಳಲಿಲ್ಲ. ಹೇಳಿದ ಮೇಲೆ ಸೊಂಟದ ಚೀಲದಿಂದ ಕಡ್ಡಿ ತೆಗೆದು ಕೊಟ್ಟರು. ಮೈಕಣ್ಣ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಹೊಸೂರಿನವರೆಗೂ ನಡೆದರು, ಬಾಯಿಗಿಟ್ಟುಕೊಳ್ಳಲಿಲ್ಲ.

ಆ ಬೇಸಿಗೆಯಲ್ಲಿ ಸಾಬರು ಗಾಡಿ, ಎತ್ತು ಎರಡನ್ನೂ ಮಾರಿದರು. ಕೃಷ್ಣಗಿರಿಯಲ್ಲಿ ಅವರ ಭಾವಮೈದುನನ ಮಾವಿನ ಮಂಡಿ ಇತ್ತು. ಮಧ್ಯಾಹ್ನದ ಬಸ್ಸಿಗೆ ಹೊರಟರು. ಮೈಕಣ್ಣ ಅವತ್ತು ಯಾವುದೋ ಸಿನಿಮಾದ ಪ್ರಚಾರಕ್ಕೆ ರಾಯಕೋಟೆಗೆ ಹೋಗಿದ್ದರು. ಸಂಜೆ ಬಂದು ನೋಡಿದರೆ ಪಕ್ಕದ ಕೋಣೆಯ ಬಾಗಿಲು ತೆರೆದಿತ್ತು, ಒಳಗೆ ಏನೂ ಇರಲಿಲ್ಲ. ಇವರ ಬಾಗಿಲ ಚಿಲಕಕ್ಕೆ ಒಂದು ಬಟ್ಟೆಯ ಗಂಟು ತೂಗುಹಾಕಿತ್ತು. ಅದರಲ್ಲಿ ಜೇಷ್ಠಮಧು, ಒಂದು ಮಳೆಗಾಲಕ್ಕಾಗುವಷ್ಟು.

ಬಾಗಲೂರಿನ ಹಳ್ಳಿಗಳಿಗೆ ಬೇರೆ ಗಾಡಿ ಬಂತು. ಆ ಗಾಡಿಯವನು ಕೂಗುತ್ತಿರಲಿಲ್ಲ, ಗಂಟೆ ಹೊಡೆಯುತ್ತಿದ್ದ. ಎಣ್ಣೆ ಹೊಸ ಬೆಲೆಗೇ ಮಾರಾಟವಾಯಿತು. ಕೆಲವು ತಿಂಗಳಲ್ಲಿ ಆ ಬೆಲೆ ಹಳೆಯದಾಯಿತು. ಯಾರೂ ಏನೂ ಕೇಳಲಿಲ್ಲ.

ಮೈಕಣ್ಣ ಕೆಲಸ ಬಿಡಲಿಲ್ಲ. ಆದರೆ ಅರ್ಥ ಬಿಡಿಸಿ ಹೇಳುವುದನ್ನು ಬಿಟ್ಟರು. ವೇದಿಕೆಯ ಮೇಲೆ ಕೇಳಿದ ಪದಕ್ಕೆ ಎದುರು ಪದ ಇಡುವರು, ಅಷ್ಟೇ. ಇಂಧನ ನೀತಿ ಅಂದರೆ ಇಂಧನ ನೀತಿ. ಹಣದುಬ್ಬರ ಅಂದರೆ ಹಣದುಬ್ಬರ. ಮುಂದಿನ ಸಾಲಿನವರು "ಏನಂತೆ ಅಣ್ಣ?" ಅಂತ ಕೇಳಿದರೆ, "ಅವ್ರು ಹೇಳಿದ್ದು ಅಷ್ಟೇ," ಅನ್ನುವರು. ಮೂರು ಸಲ ನಗು ಬರುತ್ತಿದ್ದ ಸಭೆಗಳಲ್ಲಿ ಒಂದು ಸಲವೂ ಬರದಂತಾಯಿತು. ಪಕ್ಷದವರು ಬೇರೆ ಜನರನ್ನು ಹುಡುಕಿಕೊಂಡರು. ಆಮೇಲೆ ಕ್ಯಾಸೆಟ್ಟು ಬಂತು. ಮದರಾಸಿನಲ್ಲೋ ಬೆಂಗಳೂರಿನಲ್ಲೋ ಮುದ್ರಿಸಿದ ದನಿಯನ್ನೇ ಜೀಪಿಗೆ ಹಾಕಿ ಬಿಟ್ಟರೆ ಆಯಿತು, ಅದು ಉಗುಳು ನುಂಗಲೂ ನಿಲ್ಲುವುದಿಲ್ಲ. ಅವರಿಗೆ ಉಳಿದದ್ದು ಕಳೆದುಹೋದ ದನಗಳು ಮತ್ತು ಸಾವುಗಳು. ಅವುಗಳಲ್ಲಿ ಬಿಡಿಸಿ ಹೇಳುವಂಥದ್ದು ಏನೂ ಇರಲಿಲ್ಲ.

ಸಂಜೆ ಆ ಕಡೆ ಹೋದಾಗಲೆಲ್ಲ ಅವರು ಜಗಲಿಯಲ್ಲಿ ಒಬ್ಬರೇ ಕುಳಿತಿರುತ್ತಿದ್ದರು. ಕೈ ಕಿವಿಯ ಹಿಂದೆ ಇರುತ್ತಿತ್ತು. ಏನು ಕೇಳುತ್ತಿದ್ದೀರಿ ಅಂತ ಒಂದು ಸಲ ಕೇಳಿದೆ. ಗಕ್ಕನೆ ಕೈ ತೆಗೆದು, "ಏನೂ ಇಲ್ಲ, ಅಭ್ಯಾಸ," ಅಂದರು.

ದಶಕ ಮುಗಿಯುವ ಹೊತ್ತಿಗೆ ಎಣ್ಣೆಯ ಬೆಲೆ ಮತ್ತೆ ಏರಿತು. ನಾನು ಮಾವಿನ ಸುಗ್ಗಿಯ ವರದಿಗೆ ಕೃಷ್ಣಗಿರಿಗೆ ಹೊರಟಿದ್ದೆ. ಬಸ್ ನಿಲ್ದಾಣದಲ್ಲಿ ಮೈಕಣ್ಣ ಸಿಕ್ಕಿ, "ನಾನೂ ಬತ್ತೀನಿ," ಅಂದರು.

ಮಂಡಿಯಲ್ಲಿ ಸಾಬರು ಹರಾಜು ಕೂಗುತ್ತಿದ್ದರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು, ದನಿ ಹಾಗೇ ಇತ್ತು. ನಮ್ಮನ್ನು ನೋಡಿ ರಾಶಿಯ ಮೇಲಿಂದ ಇಳಿದು ಬಂದರು. ಅಲ್ಲಿದ್ದ ಹಮಾಲಿಯೊಬ್ಬ ಯಾರು ಅಂತ ತಮಿಳಿನಲ್ಲಿ ಕೇಳಿದ್ದಕ್ಕೆ, "ನಮ್ಮೂರಿನ ಮೈಕು," ಅಂದರು. ಹುಲ್ಲು ಹಾಸಿದ ನೆಲದ ಮೇಲೆ ಕುಳಿತು ಹಣ್ಣು ತಿಂದೆವು. ಕೊನೆಗೆ ಸಾಬರೇ ಕೈ ಒರೆಸಿಕೊಳ್ಳುತ್ತಾ ಕೇಳಿದರು.

"ಎಣ್ಣೆ ಮತ್ತೆ ಏರೈತಂತಲ್ಲ. ಈ ಸಲ ಯಾರು ಏರಿಸಿದ್ರು ಅಂತವ್ರೆ?"

ಮೈಕಣ್ಣ ಅವರ ಮುಖ ನೋಡಿದರು. ಚುಚ್ಚು ಮಾತಲ್ಲ ಅಂತ ಖಾತ್ರಿಯಾದ ಮೇಲೆ, "ಈ ಸಲ ಯಾರೂ ಏರಿಸಿಲ್ವಂತೆ ಸಾಬ್ರೆ. ತಾನೇ ಏರೈತಂತೆ," ಅಂದರು.

ಸಾಬರು ಜೋರಾಗಿ ನಕ್ಕರು. ಮೈಕಣ್ಣನೂ ನಕ್ಕರು. ಅವರು ನಕ್ಕದ್ದನ್ನು ನಾನು ಕಂಡು ವರ್ಷಗಳೇ ಆಗಿದ್ದವು. ನಗು ನಿಂತ ಮೇಲೆ ಮೈಕಣ್ಣ ಹೇಳಿದರು.

"ಸಮುದ್ರ ತೆಗೀಬಾರ್ದಾಗಿತ್ತು."

"ಬುಡಣ್ಣ. ನಮ್ ಕಡೆ ಸಮುದ್ರ ನೋಡಿರೋರು ಯಾರವ್ರೆ? ನೀವ್ ನೋಡಿದ್ದೀರಾ?"

"ಇಲ್ಲ."

"ನಾನೂ ನೋಡಿಲ್ಲ," ಅಂದು ಸಾಬರು ಎದ್ದು ಹರಾಜಿಗೆ ಹೋದರು. ಹೊರಡುವಾಗ ಮೈಕಣ್ಣನ ಕೈಚೀಲದಲ್ಲಿ ಒಂದಿಷ್ಟು ಹಣ್ಣು ಇಟ್ಟರು. ಜೇಷ್ಠಮಧುವನ್ನು ಇವರು ಕೇಳಲಿಲ್ಲ, ಅವರು ಕೊಡಲೂ ಇಲ್ಲ. ಮತ್ತೆ ಹೋಗೋಣ ಅಂತ ಮೈಕಣ್ಣನೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಮುಂದೆ ನಾನು ಬೆಂಗಳೂರಿನ ಡೆಸ್ಕಿಗೆ ಬಂದೆ. ವರದಿಗಳನ್ನು ಓದುವುದು, ಉದ್ದ ಇದ್ದರೆ ಕತ್ತರಿಸುವುದು ನನ್ನ ಕೆಲಸ. "ಬೆಲೆ ಏರಿದೆ" ಅನ್ನುವ ವಾಕ್ಯ ವಾರಕ್ಕೊಮ್ಮೆಯಾದರೂ ನನ್ನ ಮೇಜಿಗೆ ಬರುತ್ತಿತ್ತು. ಯಾರು ಏರಿಸಿದರು ಅಂತ ಅಂಚಿನಲ್ಲಿ ಬರೆದು ವರದಿಗಾರರಿಗೆ ವಾಪಸು ಕಳಿಸುತ್ತಿದ್ದೆ. ಸಣ್ಣ ಪದಗಳನ್ನು ಹೊಡೆದು ಹಾಕುವ ಮುಂಚೆ ಒಂದು ಗಳಿಗೆ ಪೆನ್ನು ನಿಲ್ಲುತ್ತಿತ್ತು. ಈ ಪದ ತೆಗೆದರೆ ಉಳಿದದ್ದು ಹೋಗಿ ಯಾರ ಮನೆ ಬಾಗಿಲಿಗೆ ನಿಲ್ಲುತ್ತದೆ? ಈ ಪ್ರಶ್ನೆಯನ್ನು ನನಗೆ ಕಲಿಸಿದ್ದು ಯಾವ ಸಂಪಾದಕರೂ ಅಲ್ಲ. ಎಳೆಯ ಉಪಸಂಪಾದಕರು ನನ್ನ ನಿಧಾನ ಕಂಡು ಬೇಸರಪಡುತ್ತಿದ್ದರು.

ಎಂಬತ್ತರ ದಶಕದ ನಡುವೆ ಒಂದು ಭಾನುವಾರ ಹೊಸೂರಿಗೆ ಹೋಗಿದ್ದೆ. ಕಾರ್ಖಾನೆಗಳ ಬಸ್ಸುಗಳು ತುಂಬಿ, ಪೇಟೆಯ ಗುರುತೇ ಸಿಗದಷ್ಟು ಗದ್ದಲವಾಗಿತ್ತು. ಸೌಂಡ್ ಸರ್ವೀಸ್ ಅಂಗಡಿಗೆ ಹೋಗಿ ಮೈಕಣ್ಣನನ್ನು ವಿಚಾರಿಸಿದೆ. ಮಾಲೀಕರು ಕುರ್ಚಿ ಎಳೆದು ಕೊಟ್ಟರು.

"ಹೋಗ್ಬುಟ್ರು ಸಾರ್. ತಿಂಗಳಾಯ್ತು. ಜ್ವರ ಅಂತ ಮಲಗಿದ್ರು, ಏಳ್ಲೇ ಇಲ್ಲ."

"ಊರಲ್ಲಿ ಹೇಳಿಸಿದ್ರಾ?"

ಅವರು ತಲೆ ಕೆರೆದುಕೊಂಡರು. "ಯಾರ್ಗೆ ಅಂತ ಹೇಳ್ಸೋದು ಸಾರ್? ಅವ್ರಿಗೆ ಯಾರವ್ರೆ? ಅಂಗಡಿಯೋರು, ವಠಾರದೋರು ಸೇರಿ ಮಾಡಿ ಮುಗಿಸಿದ್ವಿ. ಇಂಥದ್ದಕ್ಕೆ ಕೂಗೋರೂ ಅವ್ರೇ ಆಗಿದ್ರಲ್ಲ."

ಊರಿನ ಎಲ್ಲ ಸಾವುಗಳನ್ನೂ ಮೂರು ಭಾಷೆಯಲ್ಲಿ ಹೇಳಿದವರು ಒಂದು ಭಾಷೆಯಲ್ಲೂ ಹೇಳಿಸಿಕೊಳ್ಳದೆ ಹೋಗಿದ್ದರು. ಅಂಗಡಿಯ ಅಟ್ಟದ ಮೇಲೆ ಆ ತಗಡಿನ ಕೊಳವೆ ಧೂಳು ಹಿಡಿದು ಮಲಗಿತ್ತು. ನಾನು ಬೆಂಗಳೂರಿನ ಬಸ್ಸು ಹತ್ತಲಿಲ್ಲ, ಎದುರಿನ ಕೃಷ್ಣಗಿರಿ ಬಸ್ಸು ಹತ್ತಿದೆ.

ಸುಗ್ಗಿಯ ಕಾಲ. ಮಂಡಿಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಸಾಬರು ಬೆನ್ನು ಬಾಗಿ ಹೋಗಿದ್ದರೂ ರಾಶಿಯ ಪಕ್ಕದ ಮಣೆಯ ಮೇಲೆ ನಿಂತು ಕೂಗುತ್ತಿದ್ದರು. ನಾನು ಒಬ್ಬನೇ ಬಂದದ್ದನ್ನು ನೋಡಿ ಅವರ ಕೂಗು ನಿಂತಿತು. ಹತ್ತಿರ ಹೋಗಿ ಹೇಳಿದೆ. ಅವರು ಏನಾಗಿತ್ತು ಅಂತ ಕೇಳಲಿಲ್ಲ.

"ಊರ್ನಾಗೆ ಯಾರು ಕೂಗಿದ್ರು?"

"ಯಾರೂ ಕೂಗಲಿಲ್ಲ."

ಸಾಬರು ತಲೆಯ ಟೋಪಿ ಸರಿಮಾಡಿಕೊಂಡು ನೆಟ್ಟಗೆ ನಿಂತರು. ಹಣ್ಣು ಕೊಳ್ಳಲು ಬಂದ ವ್ಯಾಪಾರಿಗಳು, ಹಮಾಲಿಗಳು, ಲಾರಿಯವರು ಎಲ್ಲರೂ ಕಾಯುತ್ತಿದ್ದರು. ಸಾಬರು ಬಾಯಿಯ ಬದಿಗೆ ಕೈ ಅಡ್ಡ ಹಿಡಿದು, ಹರಾಜಿನ ದನಿಯಲ್ಲೇ, ಹೊಸೂರಿನ ಮೈಕಣ್ಣ ತೀರಿಕೊಂಡರು ಅಂತ ತಮಿಳಿನಲ್ಲಿ ಕೂಗಿದರು. ತೆಲುಗಿನಲ್ಲಿ ಕೂಗಿದರು. ಕೊನೆಗೆ ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಹೊಸೂರಿನ ಮೈಕಣ್ಣ ಹೋಗ್ಬುಟ್ರು. ನಮ್ಮೋರು," ಅಂದರು.

ಅಲ್ಲಿದ್ದ ಯಾರಿಗೂ ಮೈಕಣ್ಣ ಗೊತ್ತಿರಲಿಲ್ಲ. ಆದರೂ ಕೆಲವರು ತಲೆಗೆ ಸುತ್ತಿದ್ದ ಟವಲ್ಲನ್ನು ಬಿಚ್ಚಿ ಕೈಯಲ್ಲಿ ಹಿಡಿದರು. ಒಂದೆರಡು ಗಳಿಗೆ ಮಂಡಿ ಸುಮ್ಮನಿತ್ತು. ಆಮೇಲೆ ಸಾಬರು ಮುಂದಿನ ರಾಶಿಯ ಮೇಲೆ ಕೈಯಿಟ್ಟು ಹರಾಜನ್ನು ಮತ್ತೆ ಶುರುಮಾಡಿದರು. ರೇಟು ಏರುತ್ತ ಹೋಯಿತು. ಅಲ್ಲಿ ಏರಿಸುತ್ತಿರುವವರು ಯಾರು ಅನ್ನುವುದು ಎಲ್ಲರಿಗೂ ಕಾಣುತ್ತಿತ್ತು.